ಕೈಯಲ್ಲಿರುವ ಸೀಟು, ಬರಬೇಕಾದ ಸೀಟು

ಹೈದರಾಬಾದಿನಲ್ಲಿ ಇಂಟರ್ ಮುಗಿಸಿ ಎಂಜಿನಿಯರಿಂಗಿಗೆ ಹೊರಟ ಮಗುವಿಗೆ ಸೀಟುಗಳು ಒಂದೇ ದಿನ ಬಂದು ಸಾಲಾಗಿ ನಿಲ್ಲುವುದಿಲ್ಲ. ಒಂದು ಕೈಗೆ ಬಂದಾಗ ಇನ್ನೊಂದರ ಪರೀಕ್ಷೆಯೇ ಆಗಿರುವುದಿಲ್ಲ. ಅದರ ಫಲಿತಾಂಶ ಬರುವ ಹೊತ್ತಿಗೆ ಮೊದಲನೆಯದಕ್ಕೆ ಹಣ ಕಟ್ಟುವ ಗಡುವು ಕಳೆದಿರುತ್ತದೆ. ಹಾಗಾಗಿ ‘ಇವೆರಡರಲ್ಲಿ ಯಾವುದು ಮೇಲು’ ಎಂಬ ಪ್ರಶ್ನೆ ನಿಜವಾಗಿ ಏಳುವುದೇ ಅಪರೂಪ. ಮನೆಯವರ ನಿದ್ದೆ ಕೆಡಿಸುವ ಪ್ರಶ್ನೆ ಬೇರೆ. ಕೈಯಲ್ಲಿರುವ ಸೀಟನ್ನು, ಬರಬೇಕಾದ ಸೀಟಿಗಾಗಿ ಎಷ್ಟು ದಿನ, ಎಷ್ಟು ರೂಪಾಯಿಗೆ ಹಿಡಿದಿಟ್ಟುಕೊಳ್ಳಬಹುದು?

ಜೆಇಇ ಮೇನ್ ಜನವರಿಯಲ್ಲೊಮ್ಮೆ, ಏಪ್ರಿಲಿನಲ್ಲೊಮ್ಮೆ ನಡೆಯುತ್ತದೆ. ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳು ತಮ್ಮದೇ ಪರೀಕ್ಷೆ ಮಾಡಿ, ಬೇಸಿಗೆ ಮುಗಿಯುವ ಮೊದಲೇ ‘ಅಭಿನಂದನೆಗಳು’ ಎಂದು ಶುರುವಾಗುವ ಇಮೇಲ್ ಕಳಿಸಿಬಿಡುತ್ತವೆ. ಬಿಟ್ಸ್ ಪಿಲಾನಿಯ ಹೈದರಾಬಾದ್ ಕ್ಯಾಂಪಸ್ಸಿಗೆ (2008ರಿಂದ ಶಾಮೀರ್‌ಪೇಟೆಯ ಬಳಿಯ ಜವಾಹರನಗರದಲ್ಲಿದೆ) ಬಿಟ್‌ಸ್ಯಾಟ್ ಬೇರೆ. ಗಚ್ಚಿಬೌಲಿಯ ಟ್ರಿಪಲ್ ಐಟಿ 1998ರಲ್ಲಿ ಶುರುವಾದದ್ದು. ಅದು ಜೆಇಇ ಮೇನ್ ಅಂಕಗಳನ್ನು ಒಪ್ಪುತ್ತದೆ, ಆದರೆ ಐಐಟಿ–ಎನ್‌ಐಟಿಗಳ ಜಂಟಿ ಹಂಚಿಕೆಯೊಳಗೆ ಇಲ್ಲ. ಸಂಶೋಧನೆ ಸೇರಿದ ಐದು ವರ್ಷದ ಜೋಡಿ ಪದವಿಗೆ ತನ್ನದೇ ಪರೀಕ್ಷೆ ಇಟ್ಟುಕೊಂಡಿದೆ. ಐಐಟಿ, ಎನ್‌ಐಟಿ ಸೀಟುಗಳನ್ನು 2015ರಿಂದ ಜೋಸಾ ಎಂಬ ಒಂದೇ ಪ್ರಾಧಿಕಾರ ಜೂನ್–ಜುಲೈಯಲ್ಲಿ ಸುತ್ತು ಸುತ್ತಾಗಿ ಹಂಚುತ್ತದೆ. ತೆಲಂಗಾಣ ರಾಜ್ಯದ ಕೌನ್ಸೆಲಿಂಗ್ ಇವೆಲ್ಲದರ ಬಾಲದಲ್ಲಿ, ಆಗಸ್ಟಿನವರೆಗೂ ಎಳೆಯುತ್ತದೆ. ಅದರ ಪ್ರವೇಶ ಪರೀಕ್ಷೆ, 1986ರಲ್ಲಿ ಅವಿಭಜಿತ ಆಂಧ್ರದಲ್ಲಿ ಶುರುವಾದ ಎಂಸೆಟ್, ತೆಲಂಗಾಣದಲ್ಲಿ 2024ರಿಂದ ಎಪ್‌ಸೆಟ್ ಆಗಿದೆ. ಮನೆಗಳಲ್ಲಿ ಈಗಲೂ ಎಂಸೆಟ್ಟೇ.

ಈ ಸರದಿಯಲ್ಲಿ ಒಂದು ವಿಶೇಷವುಂಟು. ದುಬಾರಿ ಸೀಟು ಮೊದಲು ಬರುತ್ತದೆ, ಅಗ್ಗದ್ದು ಕೊನೆಗೆ. ವರ್ಷಕ್ಕೆ ಮೂರು ನಾಲ್ಕು ಲಕ್ಷ ಕೇಳುವ ವಿಶ್ವವಿದ್ಯಾಲಯ ಮೇ ತಿಂಗಳಲ್ಲೇ ಕೈ ಚಾಚಿ ನಿಂತಿರುತ್ತದೆ. ಸರ್ಕಾರಿ ಕಾಲೇಜು ಜುಲೈವರೆಗೆ ಬಾಯಿ ಬಿಡುವುದಿಲ್ಲ. ಮುಂಚಿತವಾಗಿ ಬರುವ ಸೀಟಿಗೆ ಹಣ ಕೊಡುವವರು ಅರ್ಧದಷ್ಟು ಕೊಡುವುದು ಭಯಕ್ಕೆ. ಅದು ತಪ್ಪೇನಲ್ಲ, ಆದರೆ ಆ ಹಣವನ್ನು ಶಿಕ್ಷಣದ ಲೆಕ್ಕದಲ್ಲಿ ಬರೆಯದೆ ವಿಮೆಯ ಲೆಕ್ಕದಲ್ಲಿ ಬರೆದುಕೊಂಡರೆ ಮನಸ್ಸಿಗೆ ಸ್ಪಷ್ಟತೆ ಇರುತ್ತದೆ.

ಹೈದರಾಬಾದಿನ ಕನ್ನಡ ಮನೆಗಳಿಗೆ ಇದರ ಮೇಲೆ ಇನ್ನೊಂದು ತೊಡಕು: ಮಗು ಯಾವ ರಾಜ್ಯದ ಲೆಕ್ಕಕ್ಕೆ ಸೇರುತ್ತದೆ ಎಂಬುದು. ಕಾಚಿಗುಡದ ನೃಪತುಂಗ ಶಾಲೆಯ ಸುತ್ತಮುತ್ತ ತಲೆಮಾರುಗಳಿಂದ ಇರುವ ಬೀದರ್, ಕಲಬುರಗಿ, ರಾಯಚೂರು ಮೂಲದವರಿದ್ದಾರೆ. ಬ್ಯಾಂಕಿನ ವರ್ಗಾವಣೆಯಲ್ಲಿ ಬಂದವರಿದ್ದಾರೆ. ಬೆಂಗಳೂರಿನ ಕಂಪನಿ ಮಾಧಾಪುರದ ಕಚೇರಿಗೆ ಕಳಿಸಿದವರಿದ್ದಾರೆ. ಮಗನನ್ನು ಇಂಟರ್ ಓದಿಸಲೆಂದೇ ಬೀದರಿನಿಂದ ತಂದು ಹಾಸ್ಟೆಲಿಗೆ ಬಿಟ್ಟವರೂ ಇದ್ದಾರೆ. ನಾಲ್ವರ ಮನೆಯಲ್ಲೂ ಕನ್ನಡವೇ. ನಿಯಮದ ಕಣ್ಣಿಗೆ ಮಾತ್ರ ನಾಲ್ವರೂ ಬೇರೆ ಬೇರೆ.

ತೆಲಂಗಾಣದ ಕೌನ್ಸೆಲಿಂಗಿನಲ್ಲಿ ಶೇ. 85 ಸೀಟು ಸ್ಥಳೀಯರಿಗೆ. ಸ್ಥಳೀಯ ಎಂಬುದಕ್ಕೂ ಮಾತೃಭಾಷೆಗೂ ಸಂಬಂಧವಿಲ್ಲ. ಇಂಟರ್ ಎರಡನೇ ವರ್ಷಕ್ಕೆ ಮುಗಿಯುವಂತೆ ಸತತ ನಾಲ್ಕು ವರ್ಷ ಇಲ್ಲಿ ಓದಿರಬೇಕು ಎಂಬುದು ಮುಖ್ಯ ಮಾನದಂಡ. ಒಂಬತ್ತನೇ ತರಗತಿಯಿಂದ ಕಾಚಿಗುಡದಲ್ಲೇ ಓದಿದ ಹುಡುಗಿ ಸ್ಥಳೀಯಳು. ಹತ್ತನೇ ತರಗತಿಯನ್ನು ಬೀದರಿನಲ್ಲಿ ಮುಗಿಸಿ ಎರಡು ವರ್ಷಕ್ಕೆಂದು ಬಂದ ಹುಡುಗ ಅಲ್ಲ. ಉಳಿದ ಶೇ. 15ರ ಬಾಗಿಲೂ 2025ರಲ್ಲಿ ಕಿರಿದಾಯಿತು: ಅಭ್ಯರ್ಥಿಯೋ ತಂದೆತಾಯಿಯೋ ಹತ್ತು ವರ್ಷ ಇಲ್ಲಿ ನೆಲೆಸಿರುವುದು, ಸರ್ಕಾರಿ ನೌಕರರ ಮಕ್ಕಳಾಗಿರುವುದು ಮುಂತಾದ ಷರತ್ತುಗಳು ಅದಕ್ಕೂ ಬಂದವು.

ಆ ಬೀದರಿನ ಹುಡುಗ ಕರ್ನಾಟಕದಲ್ಲಿ ಏನನ್ನೂ ಕಳೆದುಕೊಂಡಿಲ್ಲವೆಂದಲ್ಲ. ಸಿಇಟಿಗೆ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕು, ಹತ್ತನೇ ತರಗತಿಯನ್ನಾಗಲಿ ದ್ವಿತೀಯ ಪಿಯುಸಿಯನ್ನಾಗಲಿ ಅಲ್ಲಿ ಪಾಸು ಮಾಡಿರಬೇಕು. ಅವನಿಗೆ ಅದು ಇದೆ. 371-ಜೆ ಪ್ರಮಾಣಪತ್ರವಿದ್ದರೆ ಕಲ್ಯಾಣ ಕರ್ನಾಟಕದ ಮೀಸಲಾತಿಯೂ ಇದೆ. ಕೈತಪ್ಪುವುದು ಸುರತ್ಕಲ್ಲಿನ ಎನ್‌ಐಟಿ. ಎನ್‌ಐಟಿಗಳಲ್ಲಿ ಅರ್ಧ ಸೀಟು ತವರು ರಾಜ್ಯದವರಿಗೆ. ತವರು ಎಂದರೆ ಹನ್ನೆರಡನೇ ತರಗತಿ ಪಾಸಾದ ರಾಜ್ಯ. ಹೈದರಾಬಾದಿನಲ್ಲಿ ಇಂಟರ್ ಬರೆದ ಕ್ಷಣಕ್ಕೆ ಅವನ ತವರು ವರಂಗಲ್ಲಿನ ಎನ್‌ಐಟಿ ಆಗುತ್ತದೆ, ಸುರತ್ಕಲ್ಲಿಗೆ ಅವನು ಹೊರರಾಜ್ಯದವ. ವರಂಗಲ್ಲಿನದು 1959ರಲ್ಲಿ ಶುರುವಾದ ಹೆಸರಾಂತ ಸಂಸ್ಥೆ, ನಷ್ಟವೇನೂ ಇಲ್ಲ ಎನ್ನಬಹುದು. ಆದರೆ ಇಂಟರ್ ಕಾಲೇಜಿನ ಅರ್ಜಿ ತುಂಬುವಾಗ ಈ ಮಾತು ಹೇಳುವ ಪಿಆರ್‌ಒ ಇಲ್ಲ.

ಇತಿಹಾಸ ಇಲ್ಲಿ ಸ್ವಲ್ಪ ನಗುತ್ತದೆ. 1956ರ ತನಕ ಬೀದರ್, ಗುಲ್ಬರ್ಗ, ರಾಯಚೂರುಗಳಿಗೆ ರಾಜಧಾನಿ ಹೈದರಾಬಾದೇ. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯ ಆಗ ಉರ್ದು ಮಾಧ್ಯಮದ್ದು. 1929ರಲ್ಲಿ ಅದರ ಎಂಜಿನಿಯರಿಂಗ್ ಕಾಲೇಜು ತೆರೆದಾಗ ಕನ್ನಡ ಜಿಲ್ಲೆಗಳ ಹುಡುಗನಿಗೂ ಅದು ತನ್ನ ರಾಜ್ಯದ ಕಾಲೇಜೇ ಆಗಿತ್ತು. ಏಕೀಕರಣವಾಗಿ ಎರಡು ವರ್ಷಕ್ಕೆ, 1958ರಲ್ಲಿ, ಕಲಬುರಗಿಯಲ್ಲಿ ಪಿಡಿಎ ಕಾಲೇಜು ಎದ್ದಿತು. ಈಗ ಹಳೆಯ ನಿಜಾಮ ರಾಜ್ಯದ ಒಂದು ತುಂಡನ್ನು ಸಂವಿಧಾನದ 371-ಡಿ ಕಾಯುತ್ತದೆ, ಇನ್ನೊಂದನ್ನು 371-ಜೆ. ನಡುವೆ ಸುಮಾರು 140 ಕಿಲೋಮೀಟರ್ ರಸ್ತೆ. ಬೀದರಿನ ಬಸ್ಸು ಹತ್ತಿದವರು ಆ ದಾರಿಯಲ್ಲೇ ಸಂಗಾರೆಡ್ಡಿಯ ಹತ್ತಿರ ಕಂದಿಯಲ್ಲಿರುವ ಐಐಟಿಯನ್ನು ಕಿಟಕಿಯಿಂದ ನೋಡಿಕೊಂಡು ಹೋಗುತ್ತಾರೆ. ಅಲ್ಲಿ ಮಾತ್ರ ತವರು–ಹೊರಗು ಎಂಬ ಭೇದವಿಲ್ಲ.

ಹೈದರಾಬಾದಿನಲ್ಲೇ ಹುಟ್ಟಿ ಬೆಳೆದವರಿಗೆ ಕರ್ನಾಟಕದ ಸರ್ಕಾರಿ ಸೀಟಿನ ದಾರಿ ಇಕ್ಕಟ್ಟು. ಗಡಿನಾಡು, ಹೊರನಾಡು ಕನ್ನಡಿಗ ಅಭ್ಯರ್ಥಿಗಳಿಗೆಂದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಒಂದು ಕನ್ನಡ ಭಾಷಾ ಪರೀಕ್ಷೆ ನಡೆಸುತ್ತದೆ. ಪರೀಕ್ಷೆ ಕಠಿಣವಲ್ಲ. ಆದರೆ ಮನೆಯಲ್ಲಿ ನಿರರ್ಗಳವಾಗಿ ಕನ್ನಡ ಆಡುತ್ತಾ, ಶಾಲೆಯಲ್ಲಿ ತೆಲುಗು–ಹಿಂದಿ ಬರೆದು, ಇಂಟರಿನಲ್ಲಿ ಅಂಕ ಬರುತ್ತದೆಂದು ಸಂಸ್ಕೃತ ತೆಗೆದುಕೊಂಡ ಮಗುವಿಗೆ ಕನ್ನಡದ ಒತ್ತಕ್ಷರ ಎಲ್ಲಿ ಕೂರುತ್ತದೆ ಎಂಬುದೇ ಸಂದೇಹ. ಬೇಡವೆಂದರೆ ಕಾಮೆಡ್-ಕೆ ಇದೆ; ಕರ್ನಾಟಕದ ಖಾಸಗಿ ಕಾಲೇಜುಗಳ ಆ ಪರೀಕ್ಷೆಗೆ ಯಾವ ರಾಜ್ಯದವರೂ ಕೂರಬಹುದು, ಶುಲ್ಕ ಸರ್ಕಾರಿ ಸೀಟಿಗಿಂತ ಬಹಳ ಹೆಚ್ಚು. ‘ಬೆಂಗಳೂರಿನಲ್ಲಿ ಅಜ್ಜಿ ಮನೆ ಇದೆಯಲ್ಲ’ ಎಂಬ ವಾದ ಹುಟ್ಟುವುದು ಇಲ್ಲಿಯೇ. ಅಜ್ಜಿ ಮನೆ ಜಯನಗರದಲ್ಲೂ ಕಾಲೇಜು ಯಲಹಂಕದ ಆಚೆಯೂ ಇದ್ದರೆ ಆ ವಾದ ಹೆಚ್ಚು ದೂರ ಹೋಗುವುದಿಲ್ಲ.

ಎಪ್‌ಸೆಟ್ಟಿನ ಸೀಟು ಯಾರೂ ಟಪಾಲಿನಲ್ಲಿ ಕಳಿಸುವುದಿಲ್ಲ. ವೆಬ್ ಆಪ್ಷನ್ ಎಂಬ ಪಟ್ಟಿಯನ್ನು ಮಕ್ಕಳೇ ಕೊಡಬೇಕು. ಪ್ರತಿ ಕಾಲೇಜಿಗೂ ಪ್ರತಿ ಶಾಖೆಗೂ ಸಂಕೇತಾಕ್ಷರಗಳಿವೆ: ಉಸ್ಮಾನಿಯಾಕ್ಕೆ ಓಯುಸಿಇ, ಜೆಎನ್‌ಟಿಯುಗೆ ಜೆಎನ್‌ಟಿಎಚ್, ಇಬ್ರಾಹಿಂಬಾಗಿನ ವಾಸವಿಗೆ ವಿಎಎಸ್‌ವಿ, ಬಾಚುಪಲ್ಲಿಯ ವಿಎನ್‌ಆರ್ ವಿಜ್ಞಾನ ಜ್ಯೋತಿಗೆ ವಿಜೆಇಸಿ. ಶಾಖೆಗಳಲ್ಲಿ ಸಿಎಸ್‌ಇ ಎಂದರೆ ಕಂಪ್ಯೂಟರ್ ಸೈನ್ಸ್, ಅದಕ್ಕೆ ಕೃತಕ ಬುದ್ಧಿಮತ್ತೆ ಸೇರಿದರೆ ಸಿಎಸ್‌ಎಂ, ಡೇಟಾ ಸೈನ್ಸ್ ಸೇರಿದರೆ ಸಿಎಸ್‌ಡಿ. ಜೂನ್ ಕೊನೆಯ ಹೊತ್ತಿಗೆ ಈ ಅಕ್ಷರಗಳು ಅಮ್ಮಂದಿರ ಬಾಯಲ್ಲೂ ಸಲೀಸಾಗಿ ಓಡಾಡುತ್ತವೆ.

ಈ ಪಟ್ಟಿ ಬರೆಯುವುದರಲ್ಲಿ ಮನೆಮನೆಯಲ್ಲಿ ಒಂದೇ ತಪ್ಪು ನಡೆಯುತ್ತದೆ. ‘ಅದು ಹೇಗೂ ಸಿಗುವುದಿಲ್ಲ’ ಎಂದು ಬೇಕಾದ ಕಾಲೇಜನ್ನು ಕೆಳಗೆ ತಳ್ಳಿ, ಸಿಗಬಹುದಾದದ್ದನ್ನು ಮೇಲೆ ಬರೆಯುತ್ತಾರೆ. ಯಂತ್ರ ಅಷ್ಟು ಕುಹಕಿಯಲ್ಲ. ರ‍್ಯಾಂಕಿನ ಸರದಿ ಬಂದಾಗ ಪಟ್ಟಿಯ ಮೇಲಿಂದ ಕೆಳಕ್ಕೆ ನೋಡುತ್ತಾ ಬಂದು, ಖಾಲಿ ಇರುವ ಮೊದಲನೆಯದನ್ನು ಕೊಡುತ್ತದೆ. ಸಿಗದ ಕಾಲೇಜನ್ನು ಮೊದಲು ಬರೆದುದಕ್ಕೆ ಶಿಕ್ಷೆಯಿಲ್ಲ. ಸಿಗುವುದನ್ನು ಮೊದಲು ಬರೆದರೆ ಅದೇ ಸಿಗುತ್ತದೆ, ಅಷ್ಟೇ. ಆಪ್ಷನ್‌ಗಳ ಸಂಖ್ಯೆಗೆ ಮಿತಿಯೂ ಇಲ್ಲ. ಬೇಕಾದುದನ್ನು ಬೇಕಾದ ಕ್ರಮದಲ್ಲಿ ಬರೆಯುವುದೇ ಜಾಣತನ ಎಂಬುದಕ್ಕೆ ಗಣಿತದ ಆಧಾರವೂ ಉಂಟು. 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ ಎಂಬ ಅಮೆರಿಕದ ಇಬ್ಬರು ಗಣಿತಜ್ಞರು ಒಂದು ಪುಟ್ಟ ಲೇಖನ ಪ್ರಕಟಿಸಿದರು. ವಿಷಯ: ಕಾಲೇಜು ಪ್ರವೇಶ ಮತ್ತು ಮದುವೆಯ ಸ್ಥಿರತೆ. ಯಾರೂ ತಮಗೆ ಸಿಕ್ಕ ಜೋಡಿಯನ್ನು ಬಿಟ್ಟು ಪರಸ್ಪರ ಓಡಿಹೋಗಲು ಕಾರಣವಿಲ್ಲದಂತೆ ಹಂಚುವುದು ಹೇಗೆಂದು ಅವರು ತೋರಿಸಿದರು. ಜೋಸಾದ ಹಂಚಿಕೆಯ ಬೇರು ಅಲ್ಲಿದೆ. 2012ರಲ್ಲಿ ಶಾಪ್ಲಿಗೆ ಆಲ್ವಿನ್ ರಾತ್ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು. ಗೇಲ್ ಅಷ್ಟರಲ್ಲಿ ತೀರಿಕೊಂಡಿದ್ದರು. ಕಾಲೇಜು ಹುಡುಕುವುದೂ ಸಂಬಂಧ ನೋಡುವುದೂ ಒಂದೇ ಲೆಕ್ಕವೆಂದು ನಮ್ಮ ಸೋದರಮಾವಂದಿರಿಗೆ ಮೊದಲೇ ಗೊತ್ತಿತ್ತು. ಮನೆತನ ಕೇಳುತ್ತಾರೆ, ದೂರ ಕೇಳುತ್ತಾರೆ, ಕೊಡುವುದೆಷ್ಟು ಎಂದು ಕೇಳುತ್ತಾರೆ. ಹುಡುಗಿಯನ್ನು ಕೊನೆಗೆ ಕೇಳುತ್ತಾರೆ.

ಹಾಗಾದರೆ ಹಿಂದಿನ ವರ್ಷದ ಕೊನೆಯ ರ‍್ಯಾಂಕುಗಳ ಪಟ್ಟಿ ಏಕೆ ಬೇಕು? ಪಟ್ಟಿ ಎಷ್ಟು ಉದ್ದವಿರಬೇಕೆಂದು ತಿಳಿಯಲು. ಕ್ರಮ ನಿರ್ಧರಿಸಲು ಅಲ್ಲ. ಕೌನ್ಸೆಲಿಂಗ್ ಜಾಲತಾಣ ಕೊಡುವ ಆ ಉದ್ದ ಕೋಷ್ಟಕದಲ್ಲಿ ಒಂದು ಸಾಲನ್ನು ಪೂರ್ತಿ ಓದುವ ತಾಳ್ಮೆ ಬೇಕು: ಕಾಲೇಜಿನ ಸಂಕೇತ, ಊರು, ಶುರುವಾದ ವರ್ಷ, ಶಾಖೆ, ಆಮೇಲೆ ಪ್ರತಿ ಮೀಸಲು ವರ್ಗಕ್ಕೂ ಹುಡುಗರದ್ದೊಂದು ಹುಡುಗಿಯರದ್ದೊಂದು ರ‍್ಯಾಂಕು, ಕೊನೆಗೆ ಬೋಧನಾ ಶುಲ್ಕ ಮತ್ತು ಸಂಯೋಜನೆ ಉಸ್ಮಾನಿಯಾದ್ದೋ ಜೆಎನ್‌ಟಿಯುವಿನದ್ದೋ ಎಂಬುದು. ಮೊದಲ ಹಂತದ ಕೋಷ್ಟಕವನ್ನೂ ಕೊನೆಯ ಹಂತದ್ದನ್ನೂ ಪಕ್ಕಪಕ್ಕ ಇಟ್ಟರೆ ನಿಜವಾದ ಸುದ್ದಿ ಸಿಗುತ್ತದೆ. ಐಐಟಿ, ಎನ್‌ಐಟಿ ಸಿಕ್ಕವರು ಬಿಟ್ಟುಹೋದ ಸೀಟುಗಳು ಕೆಳಗಿನವರಿಗೆ ಇಳಿದು ಬಂದು, ಕೆಲವು ಶಾಖೆಗಳ ಕೊನೆಯ ರ‍್ಯಾಂಕು ಹಂತದಿಂದ ಹಂತಕ್ಕೆ ಸಾಕಷ್ಟು ಸಡಿಲವಾಗುತ್ತದೆ. ಬೇರೆಯವರ ಕೈಯಲ್ಲಿರುವ ಸೀಟೂ ಹೀಗೆ ಒಂದು ಮಟ್ಟಿಗೆ ಬರಬೇಕಾದ ಸೀಟೇ.

ಶಾಖೆ ಮುಖ್ಯವೋ ಕಾಲೇಜು ಮುಖ್ಯವೋ ಎಂಬ ಜಗಳಕ್ಕೆ ಈ ಊರಿನಲ್ಲಿ ಸದ್ಯ ಒಂದೇ ತೀರ್ಪು: ಸಿಎಸ್‌ಇ. 1998ರಲ್ಲಿ ಮಾಧಾಪುರದಲ್ಲಿ ಸೈಬರ್ ಟವರ್ಸ್ ಎದ್ದ ಮೇಲೆ ಎರಡು ತಲೆಮಾರು ಅದನ್ನೇ ನೋಡಿ ಬೆಳೆದಿದೆ. ಎಐಸಿಟಿಇ 2024–25ರಿಂದ ಉತ್ತಮ ಸಂಸ್ಥೆಗಳಿಗೆ ಸೀಟುಗಳ ಮೇಲ್ಮಿತಿ ತೆಗೆದ ಮೇಲಂತೂ ಸಿವಿಲ್, ಮೆಕ್ಯಾನಿಕಲ್ ಸೀಟು ಕಡಿಮೆ ಮಾಡಿ ಕಂಪ್ಯೂಟರ್ ಸೀಟು ಹೆಚ್ಚಿಸುವ ಆತುರ ಎಲ್ಲೆಡೆ. ಸೀಟು ಹೆಚ್ಚಿದ ವೇಗದಲ್ಲಿ ಮೇಷ್ಟ್ರು ಹೆಚ್ಚುವುದಿಲ್ಲ; ನಿನ್ನೆ ಎಂಟೆಕ್ ಮುಗಿಸಿದವರು ಇಂದು ಆರನೇ ಸೆಕ್ಷನ್ನಿಗೆ ಪಾಠ ಹೇಳುತ್ತಿರುತ್ತಾರೆ. ಹಳೆಯ, ಗಟ್ಟಿ ಕಾಲೇಜಿನ ಇಸಿಇ (ಎಲೆಕ್ಟ್ರಾನಿಕ್ಸ್) ಸೀಟನ್ನು ಬಿಟ್ಟು, ಹೊಸ ಕಾಲೇಜಿನ ಏಳನೇ ಸೆಕ್ಷನ್ನಿನ ಸಿಎಸ್‌ಡಿಗೆ ಓಡುವುದರಲ್ಲಿ ಲಾಭ ಕಾಣುವುದು ಕಷ್ಟ. ಸಾಫ್ಟ್‌ವೇರ್ ಕಂಪನಿಗಳು ಇಸಿಇಯವರನ್ನೂ ತೆಗೆದುಕೊಳ್ಳುತ್ತವೆ. ಅಮೀರ್‌ಪೇಟೆಯ ಓಣಿಗಳಲ್ಲಿ ಸಾಫ್ಟ್‌ವೇರ್ ಕೋರ್ಸಿಗೆ ಸೇರಲು ಯಾವ ಶಾಖೆಯೆಂದು ಯಾರೂ ಕೇಳುವುದಿಲ್ಲ.

ಉದ್ಯೋಗದ ಅಂಕಿಗಳನ್ನು ಓದುವುದೇ ಒಂದು ವಿದ್ಯೆ. ಕುಕಟ್‌ಪಲ್ಲಿಯ ಫ್ಲೈಓವರ್ ಕಂಬಗಳಿಂದ ನಗುವ ಹುಡುಗನ ‘ಹೈಯೆಸ್ಟ್ ಪ್ಯಾಕೇಜ್’ ಒಬ್ಬನ ಕಥೆ. ಅದರಲ್ಲಿ ಕೆಲಸಕ್ಕೆ ಸೇರುವಾಗಿನ ಬೋನಸ್ಸು, ನಾಲ್ಕು ವರ್ಷಕ್ಕೆ ಹಂಚುವ ಷೇರು ಎಲ್ಲ ಸೇರಿರಬಹುದು. ‘ಒಟ್ಟು ಆಫರ್’ ಎಂಬಲ್ಲಿ ಮೂರು ಕಂಪನಿಯ ಪತ್ರ ಹಿಡಿದವಳು ಮೂರು ಸಲ ಎಣಿಕೆಯಾಗಿರುತ್ತಾಳೆ. ಇದಕ್ಕಿಂತ ಎನ್‌ಐಆರ್‌ಎಫ್ ಶ್ರೇಯಾಂಕಕ್ಕೆ ಕಾಲೇಜು ಸಲ್ಲಿಸಿದ ಮಾಹಿತಿಯ ಪಿಡಿಎಫ್ ತೆರೆದು ನೋಡುವುದು ಮೇಲು. ಆ ಶ್ರೇಯಾಂಕ ಮೊದಲ ಬಾರಿ ಹೊರಬಂದದ್ದು 2016ರಲ್ಲಿ. ಶ್ರೇಯಾಂಕಕ್ಕಿಂತ ಆ ಹಾಳೆಯ ಒಂದು ಕೋಷ್ಟಕ ಬೆಲೆಬಾಳುತ್ತದೆ: ಆ ವರ್ಷ ಸೇರಿದವರೆಷ್ಟು, ನಾಲ್ಕೇ ವರ್ಷದಲ್ಲಿ ಪಾಸಾದವರೆಷ್ಟು, ಕೆಲಸ ಸಿಕ್ಕವರೆಷ್ಟು, ಅವರ ಸಂಬಳದ ಮಧ್ಯಾಂಕವೆಷ್ಟು, ಮುಂದೆ ಓದಲು ಹೋದವರೆಷ್ಟು. ಸೇರಿದವರಿಗೂ ಪಾಸಾದವರಿಗೂ ನಡುವಿನ ಅಂತರವನ್ನು ಯಾವ ಕಂಬವೂ ಹೇಳುವುದಿಲ್ಲ. ಮಧ್ಯಾಂಕವೆಂದರೆ ಅರ್ಧ ಜನ ಅದಕ್ಕಿಂತ ಮೇಲೆ, ಅರ್ಧ ಜನ ಕೆಳಗೆ. ಹೆಚ್ಚಿನ ಮಕ್ಕಳು ಬದುಕುವುದು ಅದರ ಆಸುಪಾಸಿನಲ್ಲಿ.

ಇನ್ನು ಹಣ. ಶುಲ್ಕದ ವ್ಯವಸ್ಥೆಯ ಹಿಂದೆ ಕರ್ನಾಟಕ–ಆಂಧ್ರಗಳ ಮೊಕದ್ದಮೆಗಳ ದೊಡ್ಡ ಸಾಲೇ ಇದೆ. ಎಪ್ಪತ್ತು–ಎಂಬತ್ತರ ದಶಕದಲ್ಲಿ ಕರ್ನಾಟಕದ ಡೊನೇಷನ್ ಕಾಲೇಜುಗಳಿಗೆ ತೆಲುಗು ಮಕ್ಕಳು ಧಾರಾಳವಾಗಿ ಬಂದರು. ಆಂಧ್ರ 1983ರಲ್ಲಿ, ಕರ್ನಾಟಕ 1984ರಲ್ಲಿ ಕ್ಯಾಪಿಟೇಷನ್ ಶುಲ್ಕಕ್ಕೆ ವಿರುದ್ಧ ಕಾನೂನು ಮಾಡಿದವು. ಸುಪ್ರೀಂ ಕೋರ್ಟಿನಲ್ಲಿ 1992ರ ಮೋಹಿನಿ ಜೈನ್ ಪ್ರಕರಣ ಕರ್ನಾಟಕದ್ದು, 1993ರ ಉನ್ನಿಕೃಷ್ಣನ್ ಆಂಧ್ರದ್ದು, 2002ರ ಟಿ.ಎಂ.ಎ. ಪೈ ಮತ್ತೆ ಕರ್ನಾಟಕದ್ದು. 2003ರ ಇಸ್ಲಾಮಿಕ್ ಅಕಾಡೆಮಿ ತೀರ್ಪಿನಲ್ಲಿ ಶುಲ್ಕ ನೋಡಿಕೊಳ್ಳಲು ನಿವೃತ್ತ ನ್ಯಾಯಾಧೀಶರ ಸಮಿತಿಗಳು ಹುಟ್ಟಿದವು. ತೆಲಂಗಾಣದಲ್ಲಿ ಈಗ ಅಂಥ ಸಮಿತಿ ಮೂರು ವರ್ಷಕ್ಕೊಮ್ಮೆ ಪ್ರತಿ ಖಾಸಗಿ ಕಾಲೇಜಿನ ಶುಲ್ಕ ಗೊತ್ತು ಮಾಡುತ್ತದೆ. ಶೇ. 70 ಸೀಟು ಕೌನ್ಸೆಲಿಂಗಿನಲ್ಲಿ ಹಂಚುವ ಕನ್ವೀನರ್ ಕೋಟಾ, 30 ಮ್ಯಾನೇಜ್‌ಮೆಂಟಿನದು. ಮ್ಯಾನೇಜ್‌ಮೆಂಟ್ ಸೀಟಿನ ನಿಜವಾದ ಬೆಲೆ ರಸೀದಿಯಲ್ಲಿ ಕಾಣುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತು. 2018ರ ಕಾಯ್ದೆಯಿಂದ ಬಂದ ಖಾಸಗಿ ವಿಶ್ವವಿದ್ಯಾಲಯಗಳ ಶುಲ್ಕದ ದಾರಿಯೇ ಬೇರೆ.

ಕನ್ವೀನರ್ ಸೀಟಿಗೆ ಶುಲ್ಕ ಮರುಪಾವತಿಯ ಅನುಕೂಲವಿದೆ, 2008ರಲ್ಲಿ ವೈ.ಎಸ್. ರಾಜಶೇಖರ ರೆಡ್ಡಿಯವರ ಸರ್ಕಾರ ತಂದದ್ದು. ಹಿಂದುಳಿದ ವರ್ಗದ, ಆದಾಯ ಮಿತಿಯೊಳಗಿನ ಮನೆಯ ಮಗುವಿಗೆ 10,000ದೊಳಗಿನ ರ‍್ಯಾಂಕಿದ್ದರೆ ಪೂರ್ತಿ ಶುಲ್ಕ. ಅದರಾಚೆ 35,000 ರೂಪಾಯಿ ಮಾತ್ರ. ಒಂದೂವರೆ ಲಕ್ಷದ ಕಾಲೇಜಿನಲ್ಲಿ 9,990ನೇ ರ‍್ಯಾಂಕಿಗೂ 10,010ನೇ ರ‍್ಯಾಂಕಿಗೂ ನಾಲ್ಕು ವರ್ಷದಲ್ಲಿ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ವ್ಯತ್ಯಾಸ. ಸರ್ಕಾರದ ಬಾಕಿ ತಡವಾದರೆ ಕಾಲೇಜು ಮಕ್ಕಳನ್ನೇ ಮೊದಲು ಕಟ್ಟಿ ಎನ್ನುವುದೂ ಉಂಟು. ಐಐಟಿಯ ಬೋಧನಾ ಶುಲ್ಕ 2016ರಿಂದ ವರ್ಷಕ್ಕೆ 2 ಲಕ್ಷ, ಎನ್‌ಐಟಿಯದು 1.25 ಲಕ್ಷ, ಮನೆಯ ಆದಾಯ ವರ್ಷಕ್ಕೆ 1 ಲಕ್ಷದೊಳಗಿದ್ದರೆ ಪೂರ್ತಿ, 5 ಲಕ್ಷದೊಳಗಿದ್ದರೆ ಮೂರರಲ್ಲಿ ಎರಡು ಪಾಲು ಮಾಫಿ. ಸಾಲದ ಲೆಕ್ಕವನ್ನು ಒಮ್ಮೆಯಾದರೂ ಕಾಗದದ ಮೇಲೆ ಮಾಡಿ ನೋಡಬೇಕು. ವರ್ಷಕ್ಕೆ 4 ಲಕ್ಷದಂತೆ 16 ಲಕ್ಷ ಸಾಲ, ಶೇ. 10ರ ಬಡ್ಡಿ, ಹತ್ತು ವರ್ಷದ ಕಂತು ಎಂದಿಟ್ಟುಕೊಂಡರೆ ತಿಂಗಳಿಗೆ ಸುಮಾರು 21,000 ರೂಪಾಯಿ. ಓದುವಾಗ ಬೆಳೆದ ಬಡ್ಡಿ ಇದರಲ್ಲಿ ಸೇರಿಲ್ಲ. ದೊಡ್ಡ ಐಟಿ ಸೇವಾ ಕಂಪನಿಗಳು ಹೊಸಬರಿಗೆ ಕೊಡುವ ಸಾಮಾನ್ಯ ಸಂಬಳ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ದಶಕದಿಂದ ನಿಂತಿದೆ. ಕಂತು ಕಳೆದರೆ ಉಳಿಯುವುದು ಪೇಯಿಂಗ್ ಗೆಸ್ಟ್ ಬಾಡಿಗೆಗೂ ಸಾಲದು.

ದೂರವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಸೇರಿದ ಮೇಲೆ ಮಾತ್ರ ಎಲ್ಲರೂ ಅದನ್ನೇ ಮಾತಾಡುತ್ತಾರೆ. ಕಾಲೇಜುಗಳು ಊರ ಹೊರಗಿನ ನಾಲ್ಕು ದಿಕ್ಕಿಗೆ ಚದುರಿವೆ: ಸಿಬಿಐಟಿ ಗಂಡಿಪೇಟೆಯಲ್ಲಿ, ಗೋಕರಾಜು ರಂಗರಾಜು ಬಾಚುಪಲ್ಲಿಯಲ್ಲಿ, ಉಳಿದವು ಘಟ್‌ಕೇಸರ್, ಮೇಡ್ಚಲ್, ಇಬ್ರಾಹಿಂಪಟ್ಟಣದ ಕಡೆ. 2017ರಲ್ಲಿ ಬಂದ ಮೆಟ್ರೋ ಇವುಗಳ ಬಾಗಿಲಿಗೆ ಹೋಗುವುದಿಲ್ಲ. ಕಾಚಿಗುಡದಲ್ಲಿ ಬೆಳಗ್ಗೆ ಏಳಕ್ಕೆ ಕಾಲೇಜು ಬಸ್ಸು ಹತ್ತಿದವಳು ಸಂಜೆ ಆರಕ್ಕೆ ಇಳಿಯುತ್ತಾಳೆ. ಬಸ್ಸಿನ ಶುಲ್ಕ ಬೇರೆ. ಅದೇ ಹುಡುಗಿಗೆ ಉಸ್ಮಾನಿಯಾ ಕ್ಯಾಂಪಸ್ಸು ಆಟೋ ದೂರ. ಕಾಲೇಜನ್ನು ನೋಡಲು ಹೋಗುವವರು ಭಾನುವಾರ ಹೋಗುತ್ತಾರೆ. ಕೆಲಸದ ದಿನ, ಮಧ್ಯಾಹ್ನ ಎರಡೂವರೆಗೆ ಹೋಗಬೇಕು. ಲ್ಯಾಬಿನ ಬೀಗ ತೆಗೆದಿದೆಯೇ, ಗ್ರಂಥಾಲಯದಲ್ಲಿ ಜನ ಇದ್ದಾರೆಯೇ, ಮೂರನೇ ವರ್ಷದ ಮಕ್ಕಳು ಕ್ಯಾಂಟೀನಿನಲ್ಲಿ ಏನು ಹೇಳುತ್ತಾರೆ ಎಂಬುದು ಆಗ ತಿಳಿಯುತ್ತದೆ. ಪಿಆರ್‌ಒ ತೋರಿಸುವ ಆಡಿಟೋರಿಯಮ್ಮಿನಲ್ಲಿ ಯಾರೂ ನಾಲ್ಕು ವರ್ಷ ಕೂರುವುದಿಲ್ಲ.

ಕೊನೆಗೆ ಬಿಡುವ ವಿಚಾರ. ಜೋಸಾದಲ್ಲಿ ಸಿಕ್ಕ ಸೀಟಿಗೆ ಹಣ ಕಟ್ಟಿ ‘ಫ್ಲೋಟ್’ ಎಂದರೆ ಕೈಯಲ್ಲಿದ್ದದ್ದು ಉಳಿಯುತ್ತದೆ, ಮೇಲಿನದು ಬಂದರೆ ಬರುತ್ತದೆ. ‘ಸ್ಲೈಡ್’ ಎಂದರೆ ಅದೇ ಸಂಸ್ಥೆಯೊಳಗೆ ಶಾಖೆ ಮೇಲಾಗುವ ಆಸೆ. ‘ಫ್ರೀಜ್’ ಎಂದರೆ ಸಾಕು. ತೆಲಂಗಾಣದಲ್ಲಿ ಈ ಪದಗಳಿಲ್ಲ, ಪರಿಣಾಮ ಇದೆ: ಎರಡನೇ ಹಂತದಲ್ಲಿ ಮತ್ತೆ ಆಪ್ಷನ್ ಕೊಟ್ಟು ಹೊಸ ಸೀಟು ಬಂದರೆ ಹಳೆಯದು ತಾನಾಗಿಯೇ ರದ್ದು. ಹಾಗಾಗಿ ಎರಡನೇ ಪಟ್ಟಿಯಲ್ಲಿ ಕೈಯಲ್ಲಿರುವುದಕ್ಕಿಂತ ನಿಜವಾಗಿ ಮೇಲಿನವನ್ನು ಮಾತ್ರ ಬರೆಯಬೇಕು. ಸುಮ್ಮನೆ ಇರಲಿ ಎಂದು ಬರೆದದ್ದೇ ಗಂಟು ಬೀಳುವುದು. ಖಾಸಗಿ ಕಡೆ ಕಟ್ಟಿದ ಹಣದ ಬಗ್ಗೆ ಯುಜಿಸಿ ಆಗಾಗ ಆದೇಶ ಹೊರಡಿಸುತ್ತದೆ. 2024–25ಕ್ಕೆ ಸೆಪ್ಟೆಂಬರ್ 30ರೊಳಗೆ ಬಿಟ್ಟವರಿಗೆ ಪೂರ್ತಿ ಹಣ, ಅಕ್ಟೋಬರ್ 31ರವರೆಗೆ 1,000 ರೂಪಾಯಿ ಮಾತ್ರ ಕಡಿತ ಎಂದಿತ್ತು. ಮೂಲ ಅಂಕಪಟ್ಟಿಗಳನ್ನು ಒತ್ತೆ ಇಟ್ಟುಕೊಳ್ಳುವಂತಿಲ್ಲ ಎಂಬ ನಿಯಮವೂ ಇದೆ. ಆದೇಶದ ಪ್ರತಿ ಕೈಯಲ್ಲಿ ಹಿಡಿದು, ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡವರಿಗೆ ಹಣ ಬೇಗ ಬರುತ್ತದೆ. ಫೋನಿನಲ್ಲಿ ಕೇಳಿದವರಿಗೆ ‘ಮುಂದಿನ ವಾರ ಬನ್ನಿ’ ಬರುತ್ತದೆ. ಎಲ್ಲ ಹಂತಗಳೂ ಮುಗಿದ ಮೇಲೆ ಉಳಿದ ಸೀಟುಗಳನ್ನು ಕಾಲೇಜುಗಳು ಸ್ಪಾಟ್ ಅಡ್ಮಿಷನ್‌ನಲ್ಲಿ ತುಂಬಿಕೊಳ್ಳುತ್ತವೆ. ಅಲ್ಲಿ ಸಿಕ್ಕ ಸೀಟಿಗೆ ಶುಲ್ಕ ಮರುಪಾವತಿ ಇಲ್ಲ.